‘ಟು ಬಿ ಆನೆಸ್ಟ್’ ಅಂತ ಹೇಳಿದ ಸುಳ್ಳು

ನನಗೆ ಇಂಗ್ಲಿಷ್ ಕಲಿಸಿದ್ದು ಯಾರು ಅಂತ ಕೇಳಿದರೆ ನಾನು ರಾಹುಲ್ ದ್ರಾವಿಡ್ ಅಂತೀನಿ. ಕೇಳಿದವರು ನಗ್ತಾರೆ. ಆದರೆ ಇದು ತಮಾಷೆಗೆ ಹೇಳೋ ಮಾತಲ್ಲ, ಲೆಕ್ಕ ಹಾಕಿದರೆ ನಿಜವೇ. ತಿಪಟೂರಿನಿಂದ ಹದಿನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮೂರಿನ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿನಿಂದ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಪಾಠದ ಪ್ರಶ್ನೋತ್ತರಗಳನ್ನೂ ಹೆಡ್‌ಮಾಸ್ಟರಿಗೆ ರಜೆ ಅರ್ಜಿಯನ್ನೂ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಆಮೇಲೆ ಪಿಯುಸಿ ಸೈನ್ಸ್, ಸಿಇಟಿ, ಬಿ.ಇ. ಎಂಟು ಸೆಮಿಸ್ಟರ್ ಇಂಗ್ಲಿಷಿನಲ್ಲೇ ಬರೆದು ಪಾಸಾದೆ. ‘ಪಾಲಿಮಾರ್ಫಿಸಂ’ ಬಗ್ಗೆ ಹತ್ತು ಮಾರ್ಕ್ಸಿಗೆ ಬರಿ ಅಂದರೆ ಬರೆಯುತ್ತಿದ್ದೆ. ಸೌಟಿಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ‘ಸ್ವಲ್ಪ ಜರುಗಿ’ ಅನ್ನೋಕೆ ಏನನ್ನಬೇಕು ಅಂತ ಗೊತ್ತಿಲ್ಲದೆ ಎರಡು ಫ್ಲೋರ್ ಮೇಲೆ ಹೋಗಿ ಇಳಿದು ಬಂದಿದ್ದೇನೆ.

2010ರಲ್ಲಿ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದೆ. ಒಂದು ಸೋಮವಾರ ಬೆಳಿಗ್ಗೆ ಟೀಮ್ ಲೀಡ್ ಕಾಫಿ ಮೆಷಿನ್ ಹತ್ತಿರ ಸಿಕ್ಕಿ ‘ಹೌ ವಾಸ್ ಯುವರ್ ವೀಕೆಂಡ್?’ ಅಂತ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡಬೇಕಲ್ಲ. ಶನಿವಾರ ರಾತ್ರಿ ಬಸ್ಸು ಹತ್ತಿದ್ದು, ಭಾನುವಾರ ಅಪ್ಪನ ಜೊತೆ ನಿಂತು ತೆಂಗಿನಕಾಯಿ ಕೆಡವಿಸಿದ್ದು, ತಿಪಟೂರು ಮಾರ್ಕೆಟ್ಟಿನಲ್ಲಿ ಕೊಬ್ಬರಿ ರೇಟು ಬಿದ್ದಿರೋದು, ಎಲ್ಲವನ್ನೂ ತಲೆಯಲ್ಲಿ ಅನುವಾದ ಮಾಡಿಕೊಂಡು ಒಂದೊಂದೇ ವಾಕ್ಯವಾಗಿ ಹೇಳಿದೆ. ಅವರ ಕಾಫಿ ತಣ್ಣಗಾಯ್ತು. ಪಾಪ, ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. ಆ ಪ್ರಶ್ನೆಗೆ ಇರೋದು ‘ಪ್ರೆಟಿ ಗುಡ್, ಯುವರ್ಸ್?’ ಅನ್ನೋ ಮೂರು ಪದದ ಉತ್ತರ ಅಂತ ತಿಳಿಯೋಕೆ ನನಗೆ ಇನ್ನೂ ಒಂದು ತಿಂಗಳು ಬೇಕಾಯ್ತು.

ಅಲ್ಲಿಂದ ಶುರುವಾಯ್ತು ಇಂಟರ್‌ವ್ಯೂ ಹುಚ್ಚು. ಸಿನಿಮಾ ನೋಡಿ ಕಲಿ ಅಂತ ರೂಮ್‌ಮೇಟ್ ಹೇಳಿದ್ದ. ನೋಡಿದೆ, ಆಗಲಿಲ್ಲ. ಸಿನಿಮಾದಲ್ಲಿ ಯಾರೂ ತಡವರಿಸಲ್ಲ, ಪದ ಹುಡುಕಲ್ಲ. ಯಾರೋ ಬರೆದುಕೊಟ್ಟಿದ್ದನ್ನ ಹೇಳ್ತಾರೆ. ಇಂಟರ್‌ವ್ಯೂನಲ್ಲಿ ಹಾಗಲ್ಲ. ದ್ರಾವಿಡ್ ಮ್ಯಾಚ್ ಮುಗಿಸಿ ಬೆವರು ಒರೆಸಿಕೊಳ್ತಾ ಮೈಕ್ ಮುಂದೆ ನಿಂತರೆ, ಒಂದು ವಾಕ್ಯ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಅದನ್ನ ತಿದ್ದಿ, ಇನ್ನೊಂದು ಕಡೆಯಿಂದ ಹಿಡಿದು ಮುಗಿಸ್ತಿದ್ದರು. ಭಾಷೆ ಬರೋನು ಕೂಡ ಪದಕ್ಕಾಗಿ ಕಾಯ್ತಾನೆ ಅನ್ನೋದು ನನಗೆ ಎಷ್ಟು ದೊಡ್ಡ ಸಮಾಧಾನ ಕೊಟ್ಟಿತು ಗೊತ್ತಾ? ಕಾಯೋ ಹೊತ್ತಿನಲ್ಲಿ ಏನು ಹೇಳಬೇಕು ಅನ್ನೋದೂ ಅಲ್ಲೇ ಸಿಕ್ಕಿತು: ‘ಯು ನೋ’, ‘ಆಬ್ವಿಯಸ್ಲಿ’, ‘ಐ ಥಿಂಕ್ ಇಟ್ಸ್ ಫೇರ್ ಟು ಸೇ’, ‘ಟು ಬಿ ಆನೆಸ್ಟ್’.

ಯೂಟ್ಯೂಬಿನಿಂದ ಆಡಿಯೋ ಇಳಿಸಿ ಫೋನಿಗೆ ಹಾಕಿಕೊಳ್ತಿದ್ದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ಒಂದು ಇಡೀ ಇಂಟರ್‌ವ್ಯೂ ಮುಗಿಯೋದು. ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೆ. ಎಡಗಡೆ ಪುಟದಲ್ಲಿ ಮಾತು, ಬಲಗಡೆ ಯಾರು ಯಾವಾಗ ಹೇಳಿದ್ದು ಅಂತ. ಕುಂಬ್ಳೆ ಇದ್ದರು, ಶ್ರೀನಾಥ್ ಇದ್ದರು. ಇಬ್ಬರೂ ಎಂಜಿನಿಯರಿಂಗ್ ಓದಿದವರು, ಕುಂಬ್ಳೆ ಆರ್.ವಿ. ಕಾಲೇಜು, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ. ಅದೊಂದು ಸುಮ್ಮನೆ ಖುಷಿ. ಸಿಮಿ ಗರೇವಾಲ್ ಹಳೇ ಶೋ ನಿಧಾನ, ಪ್ರತಿ ಪದ ಕೇಳಿಸೋದು, ಆದರೆ ಆಫೀಸಿನಲ್ಲಿ ಯಾರೂ ಹಾಗೆ ಮಾತಾಡಲ್ಲ. ‘ಕಾಫಿ ವಿತ್ ಕರಣ್’ ಮೊದಮೊದಲು ಅರ್ಥವೇ ಆಗ್ತಿರಲಿಲ್ಲ, ಭಾಷೆಯಿಂದಲ್ಲ, ಆ ಜನ ಯಾವುದಕ್ಕೆ ನಗ್ತಾರೆ ಅನ್ನೋದೇ ತಿಳೀತಿರಲಿಲ್ಲ. ಗ್ರಹಾಂ ನಾರ್ಟನ್ ಶೋನಲ್ಲಿ ಎಲ್ಲ ಗೆಸ್ಟ್‌ಗಳೂ ಒಂದೇ ಕೆಂಪು ಸೋಫಾದ ಮೇಲೆ ಕೂತಿರ್ತಾರೆ. ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಹೇಗೆ ಒಳಗೆ ಬರ್ತಾರೆ ಅನ್ನೋದನ್ನ ನಾನು ಕಲಿತದ್ದು ಆ ಸೋಫಾ ನೋಡಿ. ಮೀಟಿಂಗಿನಲ್ಲಿ ಮಾತಾಡೋಕೆ ಬೇಕಾದದ್ದು ವ್ಯಾಕರಣ ಅಲ್ಲ ಸ್ವಾಮಿ, ಒಳಗೆ ಬರೋ ಬಾಗಿಲು ಎಲ್ಲಿದೆ ಅನ್ನೋದು.

ಹೀಗೆ ಕಲಿಯೋದರಲ್ಲಿ ನಾನೊಬ್ಬನೇ ಏನಲ್ಲ. ಬಿಟಿಎಸ್ ಬ್ಯಾಂಡಿನ ಆರ್‌ಎಂ 2017ರಲ್ಲಿ ಎಲೆನ್ ಡಿಜೆನರೆಸ್ ಶೋನಲ್ಲಿ ಕೂತು, ತಾನು ‘ಫ್ರೆಂಡ್ಸ್’ ಸೀರಿಯಲ್ ನೋಡಿ ಇಂಗ್ಲಿಷ್ ಕಲಿತೆ ಅಂದ. ಅವನ ಆ ಇಂಟರ್‌ವ್ಯೂ ನೋಡಿ ಈಗ ಎಷ್ಟು ಜನ ಇಂಗ್ಲಿಷ್ ಕಲೀತಿದಾರೋ. ನಮ್ಮಲ್ಲಂತೂ ಸೆಲೆಬ್ರಿಟಿಗೂ ಇಂಗ್ಲಿಷಿಗೂ ಹಳೇ ನಂಟು. ರ‍್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್ ಜಾಹೀರಾತಿನಲ್ಲಿ ಇದ್ದದ್ದು ಕಪಿಲ್ ದೇವ್. ನಮ್ಮ ಚಿಕ್ಕಪ್ಪನ ಟ್ರಂಕಿನಲ್ಲಿ ಆ ದಪ್ಪ ಪುಸ್ತಕ ಒಂದಿತ್ತು, ಮೊದಲ ಮೂವತ್ತು ಪುಟ ಮಾತ್ರ ಮಾಸಿತ್ತು. ಇಂಗ್ಲಿಷ್ ಚೆನ್ನಾಗಿ ಬರಲ್ಲ ಅಂತ ಜನ ಆಡಿಕೊಂಡರೂ 1983ರಲ್ಲಿ ವರ್ಲ್ಡ್ ಕಪ್ ಎತ್ತಿದ ಮನುಷ್ಯನ ಮುಖ ಹಾಕಿ, ಇಂಗ್ಲಿಷ್ ಬಂದರೆ ನೀವೂ ಗೆಲ್ತೀರಿ ಅಂತ ಮಾರಿದರು. ಕೊಂಡವರು ಯಾರೂ ಇದನ್ನ ಯೋಚನೆ ಮಾಡಲಿಲ್ಲ ಅನ್ಸತ್ತೆ, ಚಿಕ್ಕಪ್ಪನೂ ಸೇರಿ.

ಮೂರು ವರ್ಷದಲ್ಲಿ ನನ್ನ ಇಂಗ್ಲಿಷ್ ಬದಲಾಯ್ತು. ಸೌಟಿನ ಪದ ಆಗಲೂ ಬರಲಿಲ್ಲ. ಇಂಟರ್‌ವ್ಯೂನಲ್ಲಿ ಯಾರೂ ಸೌಟಿನ ವಿಷಯ ಮಾತಾಡಲ್ಲ. ಬಂದದ್ದೆಲ್ಲಾ ಭಾವನೆಯ ಪದಗಳು: ಗ್ರೇಟ್‌ಫುಲ್, ಹಂಬಲ್ಡ್, ಓವರ್‌ವೆಲ್ಮ್ಡ್, ಜರ್ನಿ, ಪ್ರೋಸೆಸ್, ಲರ್ನಿಂಗ್. ನಮ್ಮೂರಲ್ಲಿ ಯಾರೂ ‘ನಾನು ಕೃತಜ್ಞ’ ಅಂತ ಬಾಯಿಬಿಟ್ಟು ಹೇಳಿದ್ದನ್ನ ನಾನು ಕೇಳಿಲ್ಲ. ಉಪಕಾರ ಮಾಡಿದವರ ಮನೆಗೆ ಮುಂದಿನ ಸಲ ಒಂದು ಕೈಚೀಲ ಅವರೆಕಾಯಿ ಹೋಗತ್ತೆ, ಮುಗೀತು. ಈಗ ನಾನು ದಿನಕ್ಕೆ ನಾಲ್ಕು ಸಲ ಗ್ರೇಟ್‌ಫುಲ್ ಆಗ್ತಿದ್ದೆ, ಅವರೆಕಾಯಿ ಖರ್ಚಿಲ್ಲದೆ.

2020ರಲ್ಲಿ ವರ್ಕ್ ಫ್ರಂ ಹೋಮ್ ಅಂತ ಊರಿಗೆ ಹೋದಾಗ ನಡುಮನೆಯಲ್ಲಿ ಕೂತು ಕಾಲ್ ಮುಗಿಸಿದೆ. ಜಗಲಿ ಮೇಲೆ ಇದ್ದ ಅಪ್ಪ ಒಳಗೆ ಇಣುಕಿ, ‘ಯಾರ್ ಬಂದಿದ್ರೋ?’ ಅಂದರು. ಯಾರೂ ಇಲ್ಲಪ್ಪ, ನಾನೇ ಮಾತಾಡ್ತಿದ್ದೆ ಅಂದೆ. ‘ಹೌದಾ? ಬೇರೆ ಯಾರದೋ ದನಿ ಇದ್ದಂಗಿತ್ತು’ ಅಂದರು. ಅವರು ಹೆಮ್ಮೆಯಿಂದಲೇ ಹೇಳಿದ್ದು. ನಾನೂ ಆಗ ಹಾಗೇ ತಗೊಂಡೆ.

ಈಗ ವಿಷಯಕ್ಕೆ ಬರ್ತೀನಿ.

ಮೂರು ವರ್ಷದ ಹಿಂದೆ ನನ್ನ ಟೀಮಿಗೆ ಹಾವೇರಿ ಕಡೆಯ ಹುಡುಗನೊಬ್ಬ ಬಂದ. ಕನ್ನಡ ಮೀಡಿಯಂ, ನನ್ನ ಥರಾನೇ. ಕೆಲಸದಲ್ಲಿ ಚುರುಕು, ಬಾಯಿ ಬಿಟ್ಟರೆ ಮಾತ್ರ ಕುತ್ತಿಗೆ ಬಿಗಿಯೋದು. ಆಫೀಸಿನೊಳಗೆ ನನ್ನನ್ನ ‘ಸರ್’ ಅನ್ನೋನು, ಚಹಾದ ಅಂಗಡಿ ಹತ್ತಿರ ‘ಅಣ್ಣಾ’. ಒಂದು ಶುಕ್ರವಾರ ಸಂಜೆ ಅರ್ಜೆಂಟಾಗಿ ಒಂದು ಡೇಟಾಬೇಸ್ ಸ್ಕ್ರಿಪ್ಟ್ ಪ್ರೊಡಕ್ಷನ್‌ಗೆ ಹೋಗಬೇಕಿತ್ತು. ಅಂಥ ಹೊತ್ತಿನಲ್ಲಿ ಲೀಡ್ ಬಾಯಲ್ಲಿ ಓಕೆ ಅಂದರೆ ಸಾಕು, ಕಾಗದಪತ್ರ ಆಮೇಲೆ. ಅವನು ನನ್ನ ಡೆಸ್ಕಿಗೆ ಬಂದು, ‘ಸರ್, ಒಮ್ಮೆ ನೋಡ್ತೀರೇನ್ರಿ? ನನಗ ಒಂದ್ ಕಡೆ ಡೌಟ್ ಐತಿ’ ಅಂದ. ನಾನು ಊರಿನ ಬಸ್ಸಿಗೆ ಹೊರಟಿದ್ದೆ, ಬ್ಯಾಗು ಹೆಗಲ ಮೇಲಿತ್ತು. ‘ನೋಡಿದೀನಿ, ಓಡ್ಸು’ ಅಂದೆ. ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಕ್ಲೈಂಟ್ ಕಡೆ ರಿಪೋರ್ಟ್‌ಗಳೆಲ್ಲ ಖಾಲಿ. ನಾಲ್ಕು ಗಂಟೆ ಕೆಲಸ ನಿಂತಿತು. ಮಧ್ಯಾಹ್ನ ಕಾಲ್. ಕ್ಲೈಂಟ್, ನಮ್ಮ ಮ್ಯಾನೇಜರ್, ನಾನು, ಆ ಹುಡುಗ, ಇನ್ನೂ ಐದಾರು ಜನ. ಈ ಸ್ಕ್ರಿಪ್ಟನ್ನ ಯಾರು ನೋಡಿದ್ದರು ಅಂತ ಮ್ಯಾನೇಜರ್ ಕೇಳಿದರು. ನಾನು ಮ್ಯೂಟ್ ತೆಗೆದೆ. ಬಾಯಿಂದ ಬಂದದ್ದು ಇಷ್ಟು: ‘ಟು ಬಿ ಆನೆಸ್ಟ್, ಐ ವಾಸಂಟ್ ಫುಲಿ ಅವೇರ್ ಆಫ್ ದಿಸ್ ಚೇಂಜ್. ಬಟ್ ಯು ನೋ, ಆಸ್ ಎ ಟೀಮ್, ವಿ ವಿಲ್ ಟೇಕ್ ದಿಸ್ ಆಸ್ ಎ ಲರ್ನಿಂಗ್.’

ಎಷ್ಟು ಚೆನ್ನಾಗಿದೆ ನೋಡಿ. ‘ಗೊತ್ತಿರಲಿಲ್ಲ’ ಅಂತ ಇಲ್ಲ, ‘ಪೂರ್ತಿ ಗೊತ್ತಿರಲಿಲ್ಲ’ ಅಂತಿದೆ. ಸಿಕ್ಕಿಬಿದ್ದರೂ ಜಾರಬಹುದು. ಕೊನೆಯಲ್ಲಿ ಟೀಮಿನ ಪರವಾಗಿ ದೊಡ್ಡ ಮನಸ್ಸು ಮಾಡಿದ ಹಾಗೂ ಕಾಣತ್ತೆ. ಒಂದು ಸೆಕೆಂಡ್ ತಡವರಿಸಲಿಲ್ಲ. ಮ್ಯಾನೇಜರ್ ಆ ಹುಡುಗನನ್ನ ಕೇಳಿದರು. ಅವನಿಗೆ ಹೇಳೋಕೆ ಇದ್ದದ್ದು ಒಂದೇ ವಾಕ್ಯ: ‘ಇವರು ನೋಡಿದೀನಿ ಅಂದ್ರು.’ ಅದನ್ನ ಇಷ್ಟು ಜನರ ಮುಂದೆ, ನಾನು ಕೇಳ್ತಿರುವಾಗ, ಇಂಗ್ಲಿಷಿನಲ್ಲಿ ಹೇಳಬೇಕು. ‘ಸಾರಿ ಸರ್’ ಅಂದ.

ಆ ವರ್ಷ ಅವನ ರೇಟಿಂಗ್ ಇಳಿಯಿತು.

ಇಷ್ಟಾದರೆ ಇದೊಂದು ಸಾಮಾನ್ಯ ಆಫೀಸ್ ರಾಜಕೀಯದ ಕಥೆ, ನಿಮ್ಮ ಹತ್ತಿರವೂ ಹತ್ತಿರುತ್ತವೆ. ನನಗೆ ನಿದ್ದೆ ಕೆಡಿಸಿದ್ದು ಅವತ್ತು ಸಂಜೆ ಅವನು ಚಹಾದ ಅಂಗಡಿ ಹತ್ತಿರ ಹೇಳಿದ ಮಾತು. ‘ಎಷ್ಟ್ ಚಂದ ಮಾತಾಡಿದ್ರಿ ಅಣ್ಣಾ ನೀವು. ನನಗ ಹಂಗ ಬರೂದಿಲ್ಲ ನೋಡ್ರಿ. ಹೆಂಗ ಕಲ್ತ್ರಿ?’ ನಾನೇನು ಮಾಡಿದೆ ಗೊತ್ತಾ? ದ್ರಾವಿಡ್‌ನಿಂದ ಶುರು ಮಾಡಿ ಒಂದು ಲಿಸ್ಟ್ ಕಳಿಸಿದೆ. ವಾಟ್ಸಾಪಿನಲ್ಲಿ, ಲಿಂಕ್ ಸಮೇತ.

ಆಮೇಲೆ ತಿಂಗಳುಗಟ್ಟಲೆ ನನ್ನನ್ನ ಕಾಡಿದ ಪ್ರಶ್ನೆ ಇದು: ಅದೇ ಸುಳ್ಳನ್ನ ನಾನು ಕನ್ನಡದಲ್ಲಿ ಹೇಳ್ತಿದ್ದೆನಾ? ‘ನಿಜ ಹೇಳ್ಬೇಕು ಅಂದ್ರೆ, ಅವನು ನನ್ನನ್ನ ಕೇಳ್ಲೇ ಇಲ್ಲ ಸರ್’ ಅಂತ, ಅವನ ಮುಖ ಎದುರಿಗಿರುವಾಗ? ರೂಮಿನಲ್ಲಿ ಒಬ್ಬನೇ ಕೂತು ಜೋರಾಗಿ ಹೇಳಿ ನೋಡಿದೆ. ನಾಲಿಗೆ ದಪ್ಪ ಆಯ್ತು. ಇಂಗ್ಲಿಷಿನದ್ದನ್ನ ಹೇಳಿ ನೋಡಿದೆ, ಸಲೀಸು.

ಇದು ನನ್ನೊಬ್ಬನ ತಲೆಯ ಆಟ ಅಲ್ಲ ಅಂತ ಓದಿದ ಮೇಲೆ ತಿಳೀತು. 2003ರಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಟರ್ಕಿಶ್ ಮಾತೃಭಾಷೆಯ, ಇಂಗ್ಲಿಷ್ ಆಮೇಲೆ ಕಲಿತ ಜನರ ಬೆರಳಿಗೆ ಯಂತ್ರ ಕಟ್ಟಿ, ಬೈಗುಳ, ಚಿಕ್ಕಂದಿನಲ್ಲಿ ಅಪ್ಪ-ಅಮ್ಮ ಗದರುವ ಮಾತು, ಇಂಥದ್ದನ್ನೆಲ್ಲ ಎರಡೂ ಭಾಷೆಯಲ್ಲಿ ಕೇಳಿಸಿದರು. ಗದರಿಕೆ ಟರ್ಕಿಶ್‌ನಲ್ಲಿದ್ದಾಗ ಚರ್ಮ ಹೆಚ್ಚು ಬೆವರುತ್ತಿತ್ತು. 2014ರಲ್ಲಿ ಆಲ್ಬರ್ಟ್ ಕೋಸ್ತಾ ಮತ್ತು ಜೊತೆಗಾರರು ಇನ್ನೂ ಮುಂದೆ ಹೋದರು. ಹಳಿ ಮೇಲೆ ಐದು ಜನ ಇದಾರೆ, ರೈಲು ಬರ್ತಿದೆ, ಸೇತುವೆ ಮೇಲಿರೋ ಒಬ್ಬ ದಪ್ಪ ಮನುಷ್ಯನನ್ನ ನೀವು ಕೆಳಗೆ ತಳ್ಳಿದರೆ ರೈಲು ನಿಲ್ಲತ್ತೆ, ಐವರು ಬದುಕ್ತಾರೆ. ತಳ್ತೀರಾ? ಇದೇ ಪ್ರಶ್ನೆಯನ್ನ ಮಾತೃಭಾಷೆಯಲ್ಲಿ ಕೇಳಿದಾಗ ‘ತಳ್ತೀನಿ’ ಅಂದವರಿಗಿಂತ, ಕಲಿತ ಭಾಷೆಯಲ್ಲಿ ಕೇಳಿದಾಗ ‘ತಳ್ತೀನಿ’ ಅಂದವರು ಹೆಚ್ಚು. ಕಲಿತ ಭಾಷೆ ಮನಸ್ಸಿಗೆ ಅಷ್ಟು ಹತ್ತಿರ ಬರಲ್ಲ, ಲೆಕ್ಕಾಚಾರಕ್ಕೆ ಜಾಗ ಸಿಗತ್ತೆ ಅನ್ನೋದು ಅವರ ವಿವರಣೆ.

ನನಗೆ ಇದು ಸೀದಾ ಅರ್ಥ ಆಯ್ತು. ‘ಸುಳ್ಳು’ ಅನ್ನೋ ಪದ ನಾನು ಕಲಿತದ್ದು ಬೆನ್ನ ಮೇಲೆ. ಆರು ವರ್ಷದವನಿದ್ದಾಗ ಅಂಗಡಿ ಚಿಲ್ಲರೆ ಕದ್ದು ಬೆಲ್ಲದ ಮಿಠಾಯಿ ತಿಂದು ‘ಕಳೆದೋಯ್ತು’ ಅಂದಿದ್ದೆ. ಅಜ್ಜಿ ಹೊಡೆದರು, ಆಮೇಲೆ ತಾವೇ ಅತ್ತರು. ‘ಲೈ’ ಅನ್ನೋ ಪದ ಕಲಿತದ್ದು ಡಿಕ್ಷನರಿಯಲ್ಲಿ. ಅದಕ್ಕೆ ‘ಮಲಗು’ ಅನ್ನೋ ಇನ್ನೊಂದು ಅರ್ಥವೂ ಇದೆ ಅಂತ ಮೇಷ್ಟ್ರು ಅಂಡರ್‌ಲೈನ್ ಮಾಡಿಸಿದ್ದರು. ಒಂದಕ್ಕೆ ಏಟು ಅಂಟಿಕೊಂಡಿದೆ, ಇನ್ನೊಂದಕ್ಕೆ ಅಂಡರ್‌ಲೈನ್.

ಆದರೆ ಇಲ್ಲಿಗೇ ನಿಲ್ಲಿಸಿ ‘ಕನ್ನಡದಲ್ಲಿ ಸತ್ಯ, ಇಂಗ್ಲಿಷಿನಲ್ಲಿ ಸುಳ್ಳು’ ಅಂತ ಬೋರ್ಡ್ ಹಾಕಿದರೆ ಅದು ನವೆಂಬರ್ ತಿಂಗಳ ಭಾಷಣ ಆಗತ್ತೆ. ನಮ್ಮೂರಿನಲ್ಲಿ ಒಂದಕ್ಷರ ಇಂಗ್ಲಿಷ್ ಬರದೆ, ಅಚ್ಚ ಕನ್ನಡದಲ್ಲಿ ಅಣ್ಣನ ಜಮೀನಿಗೆ ಬೇಲಿ ಹಾಕಿಕೊಂಡವರಿದ್ದಾರೆ. ಇನ್ನೊಂದು ವಿಷಯ, ಇಂಗ್ಲಿಷ್ ನನಗೆ ಧೈರ್ಯವನ್ನೂ ಕೊಟ್ಟಿದೆ. ಕನ್ನಡದಲ್ಲಿ ಹಿರಿಯರಿಗೆ ‘ನೀವು ಹೇಳ್ತಿರೋದು ತಪ್ಪು’ ಅನ್ನೋಕೆ ನನಗೆ ಇವತ್ತಿಗೂ ಆಗಲ್ಲ. ‘ಅದು ಹಂಗಲ್ಲ ಸರ್, ಅಂದ್ರೆ, ನೀವು ಹೇಳೋದು ಸರೀನೇ, ಆದ್ರೂ...’ ಅಂತ ಬೆನ್ನು ಬಗ್ಗತ್ತೆ. ಇಂಗ್ಲಿಷಿನಲ್ಲಿ ನೀನೂ ಇಲ್ಲ, ನೀವೂ ಇಲ್ಲ, ಎಲ್ಲರಿಗೂ ಒಂದೇ ‘ಯು’. ನನಗಿಂತ ಇಪ್ಪತ್ತು ವರ್ಷ ದೊಡ್ಡ ಆರ್ಕಿಟೆಕ್ಟಿಗೆ ‘ಐ ಡಿಸಗ್ರೀ’ ಅಂತ ನೆಟ್ಟಗೆ ಕೂತು ಹೇಳಿದ್ದೇನೆ, ಅದು ಸರಿಯಾದ ಮಾತೇ ಆಗಿತ್ತು. ಮನಸ್ಸಿನಿಂದ ಒಂದು ಮಾರು ದೂರ ಇರೋ ಭಾಷೆ ಸುಳ್ಳಿಗೂ ಜಾಗ ಕೊಡತ್ತೆ, ಭಯ ಬಿಟ್ಟು ನಿಜ ಹೇಳೋಕೂ ಜಾಗ ಕೊಡತ್ತೆ. ಹಾಗಾದರೆ ದೋಷ ಭಾಷೆಯದ್ದಲ್ಲ.

ಮತ್ತೆ ಯಾವುದರದ್ದು? ನಾನು ಆ ಭಾಷೆಯನ್ನ ಯಾರಿಂದ ಕಲಿತೆ ಅನ್ನೋದರದ್ದು ಅಂತ ಸ್ವಲ್ಪ ದಿನ ಅಂದುಕೊಂಡೆ. ಸೆಲೆಬ್ರಿಟಿ ಇಂಟರ್‌ವ್ಯೂ ಅಂದರೆ ಏನು ಹೇಳಿ? ಸಿನಿಮಾ ಬಿಡುಗಡೆಗೆ ವಾರ ಇರುವಾಗ ಒಬ್ಬ ನಟ ಒಂದೇ ಹೋಟೆಲ್ ರೂಮಿನಲ್ಲಿ ಕೂತು, ಒಂದರ ಹಿಂದೆ ಒಂದು ಚಾನೆಲ್ಲಿಗೆ, ಅದೇ ಪ್ರಶ್ನೆಗೆ ಅದೇ ಉತ್ತರ ಕೊಡ್ತಾನೆ. ಅವನ ಕೆಲಸ ಇರೋದೇ ಏನನ್ನೂ ಹೇಳದೆ ಮನಸ್ಸು ಬಿಚ್ಚಿದ ಹಾಗೆ ಕಾಣೋದರಲ್ಲಿ. ಸೋತ ಕ್ಯಾಪ್ಟನ್ ಮೈಕ್ ಮುಂದೆ ಯಾವ ಬೌಲರ್ ಹೆಸರೂ ಎತ್ತದೆ ‘ಪ್ರೋಸೆಸ್’ ಅಂತಾನೆ. ಅಲ್ಲಿ ಅದು ಒಳ್ಳೆಯತನವೇ, ತಂಡದವನನ್ನ ಕಾಪಾಡ್ತಿರ್ತಾನೆ. ನಾನು ಅದೇ ಮಾತನ್ನ ಎತ್ತಿಕೊಂಡು ಬಂದು ತಂಡದವನನ್ನೇ ಮುಂದೆ ತಳ್ಳಿದೆ. ಆದ್ದರಿಂದ ದ್ರಾವಿಡ್ ಮೇಲೆ ಹಾಕೋಕೂ ಬರಲ್ಲ. ಅವರು 2011ರ ಡಿಸೆಂಬರಿನಲ್ಲಿ ಕ್ಯಾನ್ಬೆರಾದಲ್ಲಿ ಬ್ರಾಡ್‌ಮನ್ ಉಪನ್ಯಾಸ ಕೊಟ್ಟಾಗ, ಆಸ್ಟ್ರೇಲಿಯಾದವರಲ್ಲದ ಆಟಗಾರರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಅದನ್ನ ನಾನು ಹದಿನೈದು ಸಲ ಕೇಳಿದ್ದೆ. ಭಾಷೆಯನ್ನ ಬರೆದುಕೊಂಡೆ, ಮನುಷ್ಯನನ್ನ ಬರೆದುಕೊಳ್ಳಲಿಲ್ಲ.

ಈಚೆಗೆ ನನಗೆ ‘ಹಾಟ್ ಒನ್ಸ್’ ಇಷ್ಟ ಆಗೋದು ಇದಕ್ಕೇ ಇರಬೇಕು. ಗೆಸ್ಟ್‌ಗಳು ಹತ್ತು ಚಿಕನ್ ವಿಂಗ್ಸ್ ತಿನ್ನಬೇಕು, ಒಂದಕ್ಕಿಂತ ಒಂದು ಖಾರ. ಮೊದಲ ಮೂರು ವಿಂಗ್ಸ್‌ವರೆಗೆ ಎಲ್ಲರೂ ಗ್ರೇಟ್‌ಫುಲ್. ಎಂಟನೆಯದಕ್ಕೆ ಬರೋ ಹೊತ್ತಿಗೆ ಕಣ್ಣಲ್ಲಿ ಮೂಗಲ್ಲಿ ನೀರು, ಉರುಹೊಡೆದದ್ದೆಲ್ಲ ಉದುರಿ ಹೋಗಿರತ್ತೆ, ಆಗ ಬರೋ ವಾಕ್ಯಗಳು ಚಿಕ್ಕವು, ವ್ಯಾಕರಣ ತಪ್ಪಿದವು. ನನ್ನ ನೋಟ್‌ಬುಕ್ಕಿನಲ್ಲಿ ಅಂಥ ಒಂದು ವಾಕ್ಯವೂ ಇಲ್ಲ.

ಬೇಸ್‌ಬಾಲ್ ಆಟಗಾರ ಇಚಿರೋ ಸುಜುಕಿಯದ್ದು ಇನ್ನೊಂದು ದಾರಿ. 2001ರಿಂದ ಅಮೆರಿಕದಲ್ಲಿ ಆಡಿದ ಮನುಷ್ಯ, ಇಂಟರ್‌ವ್ಯೂ ಅಂದರೆ ಪಕ್ಕದಲ್ಲಿ ಅನುವಾದಕ ಇರಲೇಬೇಕು. ಇಂಗ್ಲಿಷ್ ಬರ್ತಿರಲಿಲ್ಲ ಅಂತಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಜೊತೆಯವರಿಗೆ ಇಂಗ್ಲಿಷಿನಲ್ಲಿ ಕೆಟ್ಟ ಬೈಗುಳ ಸೇರಿಸಿ ಹುರುಪು ತುಂಬೋದಕ್ಕೆ ಅವನು ಹೆಸರುವಾಸಿ. 2025ರ ಜುಲೈನಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದಾಗ ಪೂರ್ತಿ ಭಾಷಣ ಇಂಗ್ಲಿಷಿನಲ್ಲಿ ಮಾಡಿದ, ಜನ ಬಿದ್ದು ಬಿದ್ದು ನಕ್ಕರು. ಬಾರದ ಭಾಷೆಗೆ ಅನುವಾದಕ ಬೇಕು ಅನ್ನೋದು ನಮಗೆಲ್ಲ ಗೊತ್ತು. ಬರುವ ಭಾಷೆಯಲ್ಲೂ, ಮಾತಿಗೆ ಹೊಣೆ ಹೊರುವ ಜಾಗದಲ್ಲಿ, ಸ್ವಂತ ಭಾಷೆಗೆ ವಾಪಸ್ ಹೋಗಬಹುದು ಅಂತ ನನಗೆ ಅದುವರೆಗೆ ಹೊಳೆದಿರಲಿಲ್ಲ. ನಮ್ಮ ಕಾಲ್‌ಗಳಲ್ಲಿ ಅನುವಾದಕ ಎಲ್ಲಿಂದ ಬರ್ತಾನೆ, ಬಿಡಿ. ಆದರೆ ಆ ಹುಡುಗನ ಪಕ್ಕ ಅವತ್ತು ಅಂಥ ಒಬ್ಬ ಇದ್ದ. ಕನ್ನಡವೂ ಇಂಗ್ಲಿಷೂ ಚೆನ್ನಾಗಿ ಬರೋನು. ಅವನು ಬೇರೆ ಕೆಲಸದಲ್ಲಿದ್ದ.

ಇಷ್ಟು ಯೋಚನೆ ಮಾಡಿದ ಮೇಲೂ ಒಂದು ಎಳೆ ಉಳಿದಿತ್ತು: ಆ ‘ಟು ಬಿ ಆನೆಸ್ಟ್’. ನಮ್ಮೂರ ಕಡೆ ಎಂಥಾ ಸುಳ್ಳುಗಾರನಿಗೂ ಒಂದು ಗೆರೆ ಇರತ್ತೆ. ಬೇಲಿ ಹಾಕಿಕೊಂಡವನನ್ನ ಪಂಚಾಯ್ತಿಯಲ್ಲಿ ‘ಧರ್ಮಸ್ಥಳದ ಮಂಜುನಾಥನ ಆಣೆ ಮಾಡು’ ಅನ್ನಲಿ, ಕೆಮ್ಮು ಬರತ್ತೆ, ಮೂತ್ರಕ್ಕೆ ಅರ್ಜೆಂಟ್ ಆಗತ್ತೆ. ದೇವರನ್ನ ನಂಬಿ ಅಂತ ನಾನು ಹೇಳ್ತಿಲ್ಲ, ನನಗೇ ಆ ವಿಷಯದಲ್ಲಿ ಗಟ್ಟಿ ಇಲ್ಲ. ಹೇಳ್ತಿರೋದು, ಆ ಭಾಷೆಯಲ್ಲಿ ಮುಟ್ಟಿದರೆ ಸುಡೋ ಒಂದು ಪದವನ್ನ ಜನ ಹಾಗೇ ಉಳಿಸಿಕೊಂಡಿದಾರೆ. ದಿನಾ ಬಳಸಲ್ಲ. ನಾನು ಕಲಿತ ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಕೂತಿರಬೇಕಾದ ಮಾತು ‘ಟು ಬಿ ಆನೆಸ್ಟ್’. ಅದನ್ನ ನಾನು ಮೊದಲು ಕೇಳಿದ್ದೇ ಪದ ಹುಡುಕೋ ಹೊತ್ತಿನ ತುಂಬುಮಾತಾಗಿ, ನೋಟ್‌ಬುಕ್ಕಿನಲ್ಲಿ ಬರೆದದ್ದು ‘ಯು ನೋ’ ಪಕ್ಕದಲ್ಲಿ. ಇಂಗ್ಲಿಷಿನಲ್ಲಿ ಸುಡೋ ಪದಗಳು ಇಲ್ಲ ಅಂತಲ್ಲ. ಆ ಭಾಷೆಯಲ್ಲಿ ಹುಟ್ಟಿದವರಿಗೆ ಅವರ ಅಜ್ಜಿಯರು ಕೊಟ್ಟಿರ್ತಾರೆ. ನನಗೆ ಸಿಗಲಿಲ್ಲ, ನಾನು ಹುಡುಕಲೂ ಇಲ್ಲ.

ಐದು ತಿಂಗಳ ಮೇಲೆ ಚಹಾದ ಅಂಗಡಿ ಹತ್ತಿರವೇ ಅವನಿಗೆ ಹೇಳಿದೆ. ‘ಅವತ್ತು ನೀನು ಕೇಳಿದ್ದೆ ಕಣೋ. ನಾನು ನೋಡಿದೀನಿ ಅಂದಿದ್ದೆ. ನೋಡಿರ್ಲಿಲ್ಲ. ಕಾಲ್‌ನಲ್ಲಿ ಸುಳ್ಳು ಹೇಳ್ದೆ. ತಪ್ಪು ನಂದು.’

ಅವನು ಗ್ಲಾಸ್ ತಿರುಗಿಸ್ತಾ, ‘ಗೊತ್ತೈತಿ ಬಿಡ್ರಿ ಅಣ್ಣಾ’ ಅಂದ.

‘ಗೊತ್ತಿದ್ದೂ ಚಂದ ಮಾತಾಡಿದ್ರಿ ಅಂದ್ಯಲ್ಲೋ.’

‘ಚಂದನ ಇತ್ತಲ್ರೀ. ಮತ್ತ ಇನ್ನೇನ್ ಅನ್ಬೇಕಿತ್ತು ನಾನು ನಿಮಗ?’ ಸ್ವಲ್ಪ ಹೊತ್ತು ಬಿಟ್ಟು ಕೇಳಿದ, ‘ನನಗ ಹೇಳಿದ್ರಿ, ಛಲೋ ಆತು. ಮ್ಯಾನೇಜರ್‌ಗೆ ಯಾವಾಗ ಹೇಳ್ತೀರಿ?’

ಮ್ಯಾನೇಜರ್ ಪುಣೆಯವರು, ಕನ್ನಡ ಬರಲ್ಲ. ರಾತ್ರಿ ಮೇಲ್ ಬರೆಯೋಕೆ ಕೂತೆ. ಮೊದಲನೇ ಡ್ರಾಫ್ಟಿನಲ್ಲಿ ‘ದೇರ್ ವಾಸ್ ಎ ಮಿಸ್ ಫ್ರಂ ಮೈ ಸೈಡ್’ ಅಂತ ಬಂತು. ತಪ್ಪು ಎಲ್ಲೋ ತಾನಾಗೇ ನಡೆದು, ನನ್ನ ಕಡೆಯಿಂದ ಹಾದು ಹೋದ ಹಾಗೆ. ಎರಡನೆಯದರಲ್ಲಿ ‘ಇನ್ ಹೈಂಡ್‌ಸೈಟ್’. ಮೂರನೆಯದು ವಿವಾದದಲ್ಲಿ ಸಿಕ್ಕಿಕೊಂಡ ನಟ ಬಿಡುಗಡೆ ಮಾಡೋ ಕ್ಷಮಾಪಣೆ ಥರ ಇತ್ತು, ಯಾರಿಗಾದರೂ ನೋವಾಗಿದ್ದಲ್ಲಿ ಅಂತ. ಕ್ಷಮೆ ಕೇಳೋದನ್ನೂ ನಾನು ಅದೇ ಜಾಗದಲ್ಲಿ ಕಲಿತಿದ್ದೆ! ಕೊನೆಗೆ ಒಂದು ಹಾಳೆ ತಗೊಂಡು ಅವನಿಗೆ ಹೇಳಿದ್ದನ್ನೇ ಕನ್ನಡದಲ್ಲಿ ಬರೆದೆ. ನಾಲ್ಕು ವಾಕ್ಯ. ಅವನು ಕೇಳಿದ. ನಾನು ನೋಡಿದೀನಿ ಅಂದೆ. ನೋಡಿರಲಿಲ್ಲ. ಕಾಲ್‌ನಲ್ಲಿ ಸುಳ್ಳು ಹೇಳಿದೆ. ಇದನ್ನ ಇಂಗ್ಲಿಷಿಗೆ ಇಳಿಸಿದರೆ ಐದನೇ ಕ್ಲಾಸಿನ ಹುಡುಗ ಬರೆದ ಹಾಗೆ ಕಾಣ್ತಿತ್ತು. ‘ಐ ಲೈಡ್’ ಅಂತ ಟೈಪ್ ಮಾಡಿ ಹದಿನೈದು ನಿಮಿಷ ನೋಡ್ತಾ ಕೂತೆ. ಹದಿನೈದು ವರ್ಷದಲ್ಲಿ ನಾನು ಆ ಪದವನ್ನ ನನ್ನ ಬಗ್ಗೆ ಬಳಸಿದ್ದು ಅದೇ ಮೊದಲು. ರೇಟಿಂಗ್ ಸರಿ ಮಾಡಿ ಅಂತ ಐದನೇ ವಾಕ್ಯ ಸೇರಿಸಿ ಕಳಿಸಿದೆ.

ಮರುದಿನ ಉತ್ತರ ಬಂತು. ‘ರಿಯಲಿ ಅಪ್ರಿಶಿಯೇಟ್ ಯುವರ್ ಆನೆಸ್ಟಿ. ಲೆಟ್ಸ್ ಕನೆಕ್ಟ್ ಆನ್ ದಿಸ್.’ ನಾನು ಎರಡು ಸಲ ಮೀಟಿಂಗ್ ಇಟ್ಟೆ, ಎರಡೂ ಸಲ ಮುಂದೆ ಹೋಯ್ತು. ಮೂರನೇ ಸಲ ಸಿಕ್ಕಾಗ, ಆ ವರ್ಷದ ಅಪ್ರೈಸಲ್ ಸೈಕಲ್ ಕ್ಲೋಸ್ ಆಗಿದೆ, ಸಿಸ್ಟಮ್‌ನಲ್ಲಿ ಬದಲಾಯಿಸೋಕೆ ಬರಲ್ಲ, ಮುಂದಿನ ವರ್ಷ ನೋಡಿಕೊಳ್ಳೋಣ ಅಂದರು. ಮುಂದಿನ ವರ್ಷ ಅವನಿಗೆ ಒಳ್ಳೆ ರೇಟಿಂಗೇ ಬಂತು, ಅವನ ಕೆಲಸಕ್ಕೆ ಬಂದದ್ದು. ಹಿಂದಿನ ವರ್ಷದ ದುಡ್ಡು ಹೋದದ್ದು ಹೋಯ್ತು. ಎಷ್ಟು ಅಂತ ನನಗೆ ಗೊತ್ತು, ಲೆಕ್ಕ ಹಾಕಿದ್ದೇನೆ. ಕೊಡೋಕೆ ಹೋದೆ, ತಗೊಳ್ಳಲಿಲ್ಲ.

ಹೋದ ತಿಂಗಳು ಆ ನೋಟ್‌ಬುಕ್ ಇದ್ದರೆ ಕೊಡ್ರಿ ಅಂತ ಕೇಳಿದ, ಅವನ ತಮ್ಮ ಬೆಂಗಳೂರಿಗೆ ಬರ್ತಿದಾನಂತೆ. ಊರಿನ ಅಟ್ಟದ ಮೇಲಿಂದ ಹುಡುಕಿ ತಂದೆ. ‘ಟು ಬಿ ಆನೆಸ್ಟ್’ ಹನ್ನೊಂದನೇ ಪುಟದಲ್ಲಿತ್ತು, ಬಲಗಡೆ ‘ದ್ರಾವಿಡ್, ಮ್ಯಾಚ್ ಆದ್ಮೇಲೆ’ ಅಂತ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಏನಾದರೂ ಬರೆಯೋಣ ಅಂತ ಕೂತೆ. ಅಷ್ಟರಲ್ಲಿ ಅವನು ಕೆಳಗೆ ಬಂದು ಫೋನ್ ಮಾಡಿದ, ಹಾಗೇ ತಗೊಂಡು ಹೋಗಿ ಕೊಟ್ಟೆ.